ಎರಡು ಕಡಿತದ ಲೆಕ್ಕ: ತೋಪಿನ ಸೊಳ್ಳೆ ಯಾರ ರಕ್ತ ಕುಡಿಯುತ್ತದೆ?

ಅಭ್ಯಾಸ ಬೋಧನೆಯ ಎರಡನೇ ವಾರ. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ರೋಗವಾಹಕಗಳ ಭಾಗ ನನ್ನ ಪಾಲಿಗೆ ಬಂದಿತ್ತು. ಪಾಠ ಯೋಜನೆ ಬರೆದು ಸಹಿ ಹಾಕಿಸಿಕೊಂಡಿದ್ದೆ. ಸೊಳ್ಳೆಯ ಜೀವನಚಕ್ರದ ಚಾರ್ಟ್ ತಯಾರಾಗಿತ್ತು. ‘ಹೆಣ್ಣು ಅನಾಫಿಲಿಸ್ – ಮಲೇರಿಯಾ, ಹೆಣ್ಣು ಈಡಿಸ್ – ಡೆಂಗಿ’ ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಕಿಟಕಿ ಪಕ್ಕದ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ.

“ಮಿಸ್, ನಮ್ ಸ್ಕೂಲ್ ಹಿಂದಿನ ತೋಪಲ್ಲಿ ಯಾರೂ ಇರಲ್ಲ. ಆದ್ರೂ ಅಷ್ಟೊಂದು ಸೊಳ್ಳೆ ಇರ್ತವೆ. ಅವು ಯಾರ ರಕ್ತ ಕುಡಿದು ಬದುಕ್ತವೆ?”

“ಪ್ರಾಣಿಗಳ ರಕ್ತ” ಎಂದೆ. ಗಡಿಯಾರ ನೋಡಿಕೊಂಡೆ. ಮುಂದಿನ ಹಂತಕ್ಕೆ ಹೋದೆ.

ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ಆ ದಿನದ ವೀಕ್ಷಣಾ ಹಾಳೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಸಮಯ ಪಾಲನೆ ಎಲ್ಲಕ್ಕೂ ‘ಉತ್ತಮ’ ಎಂದು ಗುರುತು ಹಾಕಿ, ಕೊನೆಯಲ್ಲಿ ಬರೆದಿದ್ದ ಮಾತು ಇದು: ‘ಮಗುವಿನ ಪ್ರಶ್ನೆಯಲ್ಲಿ ಒಂದು ತಪ್ಪು ಕಲ್ಪನೆ ಇತ್ತು, ಒಂದು ಒಳ್ಳೆಯ ಪ್ರಶ್ನೆಯೂ ಇತ್ತು. ನಿಮ್ಮ ಉತ್ತರ ಎರಡನ್ನೂ ಮುಟ್ಟಲಿಲ್ಲ.’

ಪ್ರಾಣಿಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದವಳಿಗೆ ಈ ಮಾತು ಚುಚ್ಚಿತು. ಆದರೆ ಚುಚ್ಚಲು ಇನ್ನೊಂದು ಕಾರಣವೂ ಇತ್ತು. ನಾನು ಹೋಗಿದ್ದ ಶಾಲೆ ನಗರದ ಅಂಚಿನಲ್ಲಿದೆ. ಹಿಂದೆ ಹೊಂಗೆ, ಆಲ, ಬಿದಿರು ಮೆಳೆಗಳ ಹಳೆಯ ತೋಪು. ಅದರ ಮೂರು ಕಡೆಯೂ ಬಡಾವಣೆ ಬೆಳೆದಿದೆ. ಆ ಮಳೆಗಾಲದಲ್ಲಿ ಅದೇ ತರಗತಿಯ ಇಬ್ಬರು ಮಕ್ಕಳಿಗೆ ಡೆಂಗಿ ಬಂದು, ಒಬ್ಬಳು ಆಸ್ಪತ್ರೆಗೆ ಸೇರಿ ಬಂದಿದ್ದಳು. ತೋಪನ್ನು ಪೂರ್ತಿ ಸವರಿಬಿಡಬೇಕು ಎಂಬ ಮಾತು ಎಸ್‌ಡಿಎಂಸಿ ಸಭೆಯಲ್ಲಿ ಎದ್ದಿತ್ತು. ಹೆದರಿದ ಪೋಷಕರು ಹಾಗೆ ಕೇಳುವುದು ಸಹಜ. ಮಕ್ಕಳು ಮಧ್ಯಾಹ್ನ ಊಟಕ್ಕೆ ಕೂರುವ ನೆರಳೂ ಅದೇ ತೋಪು. ಅಲ್ಲಿರುವ ಸೊಳ್ಳೆ ಯಾರನ್ನು ಕಚ್ಚುತ್ತದೆ ಎಂಬ ಹುಡುಗನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ತೋಪಿನ ಬಗ್ಗೆ ತೀರ್ಮಾನ ಮಾಡುವಂತಿರಲಿಲ್ಲ.

ಆ ಪ್ರಶ್ನೆಗೆ ಎರಡನೇ ಸಲ ಉತ್ತರಿಸಲು ಹೊರಟಾಗ ನಾನು ಓದಿಕೊಂಡದ್ದು, ತರಗತಿಯಲ್ಲಿ ಮಾಡಿದ್ದು, ನಡುವೆ ಎಡವಿದ್ದು – ಈ ಲೇಖನದಲ್ಲಿದೆ. ರೋಗವಾಹಕಗಳ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ರಕ್ತ ಸೊಳ್ಳೆಯ ದಿನನಿತ್ಯದ ಊಟವಲ್ಲ

ಮೊದಲು ತಪ್ಪು ಕಲ್ಪನೆ. ಸೊಳ್ಳೆ ರಕ್ತ ಕುಡಿದು ಬದುಕುತ್ತದೆ ಎಂದು ಮಕ್ಕಳು ನಂಬುತ್ತಾರೆ. ನನ್ನ ಚಾರ್ಟ್ ಕೂಡ ಹಾಗೇ ಹೇಳುತ್ತಿತ್ತು. ವಾಸ್ತವದಲ್ಲಿ ಗಂಡು, ಹೆಣ್ಣು ಎರಡೂ ಹಾರಾಡಲು ಬೇಕಾದ ಶಕ್ತಿಯನ್ನು ಮಕರಂದದಿಂದ, ಗಿಡದ ಸಿಹಿ ರಸದಿಂದ ಪಡೆಯುತ್ತವೆ. ಗಂಡು ಸೊಳ್ಳೆ ಜೀವಮಾನದಲ್ಲಿ ಒಮ್ಮೆಯೂ ರಕ್ತ ಹೀರುವುದಿಲ್ಲ. ಹೆಣ್ಣಿಗೆ ರಕ್ತ ಬೇಕಾಗುವುದು ಮುಖ್ಯವಾಗಿ ಮೊಟ್ಟೆಗೆ: ರಕ್ತದ ಪ್ರೋಟೀನಿನಿಂದ ಮೊಟ್ಟೆಗಳು ಬಲಿಯುತ್ತವೆ. ಒಂದು ಸಲ ಹೊಟ್ಟೆ ತುಂಬ ಕುಡಿದರೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ, ಅಂದರೆ ಎರಡು ಮೂರು ಮಿಲಿಗ್ರಾಂ ರಕ್ತ ಅದರ ಹೊಟ್ಟೆ ಸೇರುತ್ತದೆ. ಕೆಲವು ದಿನಗಳಲ್ಲಿ ಮೊಟ್ಟೆ ಇಡುತ್ತದೆ. ಮುಂದಿನ ಕಂತಿನ ಮೊಟ್ಟೆಗೆ ಮತ್ತೆ ರಕ್ತ ಹುಡುಕುತ್ತದೆ.

ರಕ್ತವನ್ನೇ ಮುಟ್ಟದ ಸೊಳ್ಳೆಯೂ ಉಂಟು. ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಗಾತ್ರದ ಸೊಳ್ಳೆಗಳ ಮರಿಹುಳುಗಳು ಮರದ ಪೊಟರೆಯ ನೀರಿನಲ್ಲಿ ಬೇರೆ ಸೊಳ್ಳೆಗಳ ಮರಿಹುಳುಗಳನ್ನು ತಿಂದು ಬೆಳೆಯುತ್ತವೆ. ಮೊಟ್ಟೆಗೆ ಬೇಕಾದ ಪ್ರೋಟೀನನ್ನು ಮರಿಹುಳುವಿನ ಹಂತದಲ್ಲೇ ಕೂಡಿಟ್ಟುಕೊಳ್ಳುವುದರಿಂದ ದೊಡ್ಡದಾದ ಮೇಲೆ ಹೆಣ್ಣಿಗೂ ರಕ್ತ ಬೇಡ. ಇದನ್ನು ಹೇಳಿದಾಗ ತರಗತಿ ನಂಬಲಿಲ್ಲ. “ಕಡಿಯದ ಸೊಳ್ಳೇನಾ ಮಿಸ್?” ಎಂದು ನಾಲ್ಕು ಮಂದಿ ಒಟ್ಟಿಗೆ ಕೇಳಿದರು.

ಒಂದು ಕಡಿತ ಸಾಲದು

ಸೊಳ್ಳೆಯ ಸೊಂಡಿಲನ್ನು ನಾವು ಸೂಜಿಗೆ ಹೋಲಿಸುತ್ತೇವೆ. ಹೋಲಿಕೆ ಅರ್ಧ ಸರಿ. ಹೊರಗೆ ಕಾಣುವುದು ಒಂದು ಒರೆ. ಅದರೊಳಗೆ ಆರು ಸಣ್ಣ ಕಡ್ಡಿಗಳಿವೆ. ಚರ್ಮ ಸೀಳುವುದಕ್ಕೆ ನಾಲ್ಕು, ರಕ್ತ ಹೀರುವುದಕ್ಕೆ ಒಂದು, ಜೊಲ್ಲು ಬಿಡುವುದಕ್ಕೆ ಇನ್ನೊಂದು. ರಕ್ತ ಹೆಪ್ಪುಗಟ್ಟದಂತೆ ಸೊಳ್ಳೆ ಮೊದಲು ಜೊಲ್ಲು ಬಿಡುತ್ತದೆ. ನಮಗೆ ತುರಿಕೆ ಬರುವುದು ಆ ಜೊಲ್ಲಿನಿಂದ. ಮುಖ್ಯವಾದ ಮಾತೆಂದರೆ ರಕ್ತ ಒಳಗೆ ಹೋಗುವ ದಾರಿ ಬೇರೆ, ಜೊಲ್ಲು ಹೊರಗೆ ಬರುವ ದಾರಿ ಬೇರೆ. ರೋಗಾಣು ನಮ್ಮೊಳಗೆ ಬರುವುದು ಜೊಲ್ಲಿನ ದಾರಿಯಲ್ಲಿ.

ಹಾಗಾಗಿ ಡೆಂಗಿ ಇರುವವರ ರಕ್ತ ಕುಡಿದ ಸೊಳ್ಳೆ ಅದೇ ಗಳಿಗೆಯಲ್ಲಿ ಡೆಂಗಿ ಹರಡಲಾರದು. ವೈರಸ್ ಅದರ ಜಠರದ ಗೋಡೆ ದಾಟಿ, ಮೈಯಲ್ಲೆಲ್ಲ ಹೆಚ್ಚಿ, ಜೊಲ್ಲಿನ ಗ್ರಂಥಿಗೆ ತಲುಪಬೇಕು. ನಮ್ಮ ಹವೆಯಲ್ಲಿ ಇದಕ್ಕೆ ಸುಮಾರು 8ರಿಂದ 12 ದಿನ ಬೇಕು. ಅಷ್ಟು ದಿನ ಬದುಕದೆ ಸಾಯುವ ಸೊಳ್ಳೆಗಳೂ ಬಹಳ. ಬದುಕಿದ ಸೊಳ್ಳೆ ಇನ್ನೊಬ್ಬರನ್ನು ಕಚ್ಚಿದಾಗ ಮಾತ್ರ ರೋಗ ದಾಟುತ್ತದೆ. “ಹಾಗಾದ್ರೆ ಏಡ್ಸ್ ಬರುತ್ತಾ ಮಿಸ್?” ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ತಯಾರಾಗಿರಿ. ಬರುವುದಿಲ್ಲ. ಎಚ್‌ಐವಿ ಸೊಳ್ಳೆಯೊಳಗೆ ಹೆಚ್ಚುವುದಿಲ್ಲ, ರಕ್ತದ ಜೊತೆ ಜೀರ್ಣವಾಗಿ ಹೋಗುತ್ತದೆ.

ಒಟ್ಟಿನಲ್ಲಿ ರೋಗ ಹರಡಲು ಒಂದು ಕಡಿತ ಸಾಲದು, ಎರಡು ಬೇಕು. ಮೊದಲನೆಯದು ರೋಗಾಣು ಇರುವ ಮೈಗೆ, ಎರಡನೆಯದು ಹೊಸ ಮೈಗೆ. ಕೆಲವು ವೈರಸ್‌ಗಳು ತಾಯಿ ಸೊಳ್ಳೆಯಿಂದ ಮೊಟ್ಟೆಗೂ ಅಲ್ಪ ಪ್ರಮಾಣದಲ್ಲಿ ಸಾಗುತ್ತವೆ. ಎಂಟನೇ ತರಗತಿಗೆ ಆ ವಿವರ ಬಿಟ್ಟೆ.

ಚೀಟಿ ಎತ್ತುವ ಆಟ

ಎರಡು ಕಡಿತ ಬೇಕು ಎಂದಾದ ಮೇಲೆ ‘ಯಾರನ್ನು ಕಚ್ಚುತ್ತದೆ’ ಎಂಬ ಪ್ರಶ್ನೆಯ ತೂಕವೇ ಬದಲಾಗುತ್ತದೆ. ಇದನ್ನು ಬರಿಯ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಲುಪುವುದಿಲ್ಲ. ಮೂರು ಖಾಲಿ ಡಬ್ಬಿ ತೆಗೆದುಕೊಂಡೆ. ಪ್ರತಿ ಡಬ್ಬಿಯೂ ಒಂದು ಜಾತಿಯ ಸೊಳ್ಳೆ. ಒಂದೊಂದರಲ್ಲೂ ಹತ್ತು ಚೀಟಿ. ಮೊದಲ ಡಬ್ಬಿಯಲ್ಲಿ 9 ಚೀಟಿಯ ಮೇಲೆ ‘ಮನುಷ್ಯ’, 1ರ ಮೇಲೆ ‘ಪ್ರಾಣಿ’. ಎರಡನೆಯದರಲ್ಲಿ 5 ಮತ್ತು 5. ಮೂರನೆಯದರಲ್ಲಿ 1 ಮನುಷ್ಯ, 9 ಪ್ರಾಣಿ. ಇವು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆಗಳು, ಯಾರೂ ಅಳೆದದ್ದಲ್ಲ ಎಂದು ಮೊದಲೇ ಹೇಳಿದೆ. ಪ್ರತಿ ಮಗುವೂ ಒಂದು ಚೀಟಿ ಎತ್ತಿ, ಓದಿ, ಮತ್ತೆ ಡಬ್ಬಿಗೆ ಹಾಕಿ, ಎರಡನೇ ಸಲ ಎತ್ತಬೇಕು. ಎರಡು ಎತ್ತು, ಎರಡು ಕಡಿತ.

ಆಟದ ನಂತರ ಗುಣಾಕಾರ ಮಾಡಿದೆವು. ಡೆಂಗಿಯಂತೆ ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಕ್ಕೆ ಎರಡು ಎತ್ತಿನಲ್ಲೂ ‘ಮನುಷ್ಯ’ ಬರಬೇಕು. ಮೊದಲ ಡಬ್ಬಿಯಲ್ಲಿ 9 × 9, ಅಂದರೆ ನೂರಕ್ಕೆ 81. ಎರಡನೆಯದರಲ್ಲಿ 5 × 5, ನೂರಕ್ಕೆ 25. ಮೂರನೆಯದರಲ್ಲಿ 1 × 1, ನೂರಕ್ಕೆ 1. ಮನುಷ್ಯರನ್ನು ಕಚ್ಚುವುದು 9ರಿಂದ 1ಕ್ಕೆ ಇಳಿದರೆ ಅಪಾಯ ಒಂಬತ್ತರಲ್ಲಿ ಒಂದು ಪಾಲಾಗುವುದಿಲ್ಲ, ಎಂಬತ್ತೊಂದರಲ್ಲಿ ಒಂದು ಪಾಲಾಗುತ್ತದೆ.

ಇನ್ನು ಪ್ರಾಣಿಯಿಂದ ಮನುಷ್ಯನಿಗೆ ದಾಟುವ ರೋಗ. ಮೊದಲ ಎತ್ತು ‘ಪ್ರಾಣಿ’, ಎರಡನೆಯದು ‘ಮನುಷ್ಯ’ ಆಗಬೇಕು. ಮೊದಲ ಡಬ್ಬಿಯಲ್ಲಿ 1 × 9, ನೂರಕ್ಕೆ 9. ಮೂರನೆಯದರಲ್ಲಿ 9 × 1, ಅದೂ 9. ನಡುವಿನದರಲ್ಲಿ 5 × 5, ನೂರಕ್ಕೆ 25. ಮನುಷ್ಯರನ್ನೇ ಬಯಸುವ ಸೊಳ್ಳೆಯಾಗಲಿ, ಪ್ರಾಣಿಗಳನ್ನೇ ಬಯಸುವ ಸೊಳ್ಳೆಯಾಗಲಿ ಇಲ್ಲಿ ಅಷ್ಟು ಅಪಾಯವಲ್ಲ. ಇಬ್ಬರನ್ನೂ ಕಚ್ಚುವ ಸೊಳ್ಳೆ ಸೇತುವೆಯಾಗುತ್ತದೆ. ಈ ಮಾತನ್ನು ನಾನು ಹೇಳಲಿಲ್ಲ. ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕೆ ಇಟ್ಟ ಹುಡುಗಿಯೊಬ್ಬಳು, “ನಡುವೆ ಗುಡ್ಡ ಬಂತು ಮಿಸ್” ಎಂದಳು.

ಈ ಲೆಕ್ಕದ ಹಿಂದೆ ನಮ್ಮ ನಾಡಿನ ನಂಟಿನ ಒಂದು ಕಥೆಯಿದೆ. ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಬಂಗಲೆಯ ಹೊರಗೆ ನಿಂತಿದ್ದ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳನ್ನು ಕಂಡು, ನೀರು ಚೆಲ್ಲಿದರೆ ಸೊಳ್ಳೆ ತಗ್ಗುತ್ತದೆ ಎಂದು ತಿಳಿದುಕೊಂಡ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಪಾಠಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ರಾಸ್ ನಂತರದ ವರ್ಷಗಳಲ್ಲಿ ಮಲೇರಿಯಾ ಹರಡುವಿಕೆಗೆ ಗಣಿತದ ಸೂತ್ರ ಬರೆದ. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅದನ್ನು ಬೆಳೆಸಿದ. ಮನುಷ್ಯರನ್ನು ಕಚ್ಚುವ ಪ್ರಮಾಣ ಆ ಸೂತ್ರದಲ್ಲಿ ಎರಡು ಸಲ ಗುಣಾಕಾರವಾಗುತ್ತದೆ. ನಮ್ಮ ಡಬ್ಬಿಯಲ್ಲಿ ಎರಡು ಸಲ ಚೀಟಿ ಎತ್ತಿದ್ದೂ ಅದೇ ಕಾರಣಕ್ಕೆ.

ಮನೆಯ ಸೊಳ್ಳೆ, ತೋಪಿನ ಸೊಳ್ಳೆ

ಈಗ ನಿಜವಾದ ಸೊಳ್ಳೆಗಳಿಗೆ ಬರೋಣ. ಡೆಂಗಿಯ ಮುಖ್ಯ ವಾಹಕ ಈಡಿಸ್ ಈಜಿಪ್ಟೈ ನಮ್ಮ ಮೊದಲ ಡಬ್ಬಿ. ಮನೆಯೊಳಗೆ, ಮನೆಯ ಸುತ್ತ ಇರುತ್ತದೆ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ವಿಶ್ರಮಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆಗೆ ಮುನ್ನ ಹೆಚ್ಚು ಕಚ್ಚುತ್ತದೆ. ಬೇರೆ ಪ್ರಾಣಿಗಳಿದ್ದರೂ ಮನುಷ್ಯರನ್ನೇ ಆರಿಸಿಕೊಳ್ಳುತ್ತದೆ. ಇನ್ನೊಂದು ಅಭ್ಯಾಸವೂ ಇದೆ: ಒಂದೇ ಸಲಕ್ಕೆ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಕೈ ಬೀಸಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದು ಕಂತಿನ ಮೊಟ್ಟೆಗೆ ಹಲವರನ್ನು ಕಚ್ಚಬಹುದು. ಒಂದೇ ಮನೆಯಲ್ಲಿ ಮೂವರು ಮಲಗುವುದಕ್ಕೆ ಇದೂ ಒಂದು ಕಾರಣ.

ಇದರ ಹತ್ತಿರದ ನಂಟ ಈಡಿಸ್ ಆಲ್ಬೊಪಿಕ್ಟಸ್. ಬೆನ್ನಿನ ಮೇಲೆ ನಡುವೆ ಒಂದೇ ಬಿಳಿ ಗೆರೆ. ಈಜಿಪ್ಟೈಯ ಬೆನ್ನಿನ ಮೇಲೆ ವೀಣೆಯ ಆಕಾರದ ಬಿಳಿ ಗುರುತು. ಆಲ್ಬೊಪಿಕ್ಟಸ್‌ಗೆ ಗಿಡ, ಪೊದೆ, ತೋಪಿನ ಅಂಚು ಇಷ್ಟ. ಮರದ ಪೊಟರೆ, ಬಿದಿರಿನ ಕೊಳವೆ, ಎಳನೀರು ಚಿಪ್ಪು, ಬಿಸಾಡಿದ ಟೈರು – ಎಲ್ಲಿ ಸ್ವಲ್ಪ ನೀರು ನಿಂತರೂ ಮೊಟ್ಟೆ ಇಡುತ್ತದೆ. ಮನುಷ್ಯರನ್ನು ಧಾರಾಳವಾಗಿ ಕಚ್ಚುತ್ತದೆ. ಸಿಕ್ಕರೆ ನಾಯಿ, ದನ, ಹಕ್ಕಿಯನ್ನೂ ಬಿಡುವುದಿಲ್ಲ. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡಬಲ್ಲದು. ಆದರೆ ನಗರದ ಡೆಂಗಿ ಸಾಗುವುದು ಮನುಷ್ಯ, ಸೊಳ್ಳೆ, ಮನುಷ್ಯ ಎಂಬ ಸರಪಳಿಯಲ್ಲಿ. ಆಲ್ಬೊಪಿಕ್ಟಸ್ ನಾಯಿಯನ್ನು ಕಚ್ಚಿದ ಪ್ರತಿ ಸಲವೂ ಡೆಂಗಿಯ ಪಾಲಿಗೆ ಒಂದು ಕಡಿತ ವ್ಯರ್ಥ.

ಸಂಜೆಯ ಮೇಲೆ ಕಿವಿಯ ಬಳಿ ಗುಯ್‌ಗುಡುವುದು ಹೆಚ್ಚಾಗಿ ಕ್ಯೂಲೆಕ್ಸ್. ಕೊಳಚೆ ನೀರಿನಲ್ಲಿ ಬೆಳೆಯುತ್ತದೆ, ರಾತ್ರಿ ಕಚ್ಚುತ್ತದೆ, ಹಕ್ಕಿಗಳನ್ನೂ ಮನುಷ್ಯರನ್ನೂ ಕಚ್ಚುತ್ತದೆ. ಆನೆಕಾಲು ರೋಗದ ವಾಹಕ, ಡೆಂಗಿಯದ್ದಲ್ಲ. ‘ತೋಪಿನ ಸೊಳ್ಳೆ’ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಇಷ್ಟು ಬೇರೆ ಬೇರೆ ನಡವಳಿಕೆಗಳಿವೆ. ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಯಾರೂ ಇಲ್ಲದಾಗ ತೋಪಿನ ಸೊಳ್ಳೆಗಳಿಗೆ ಹೂವಿನ ಮಕರಂದವಿದೆ. ಮೊಟ್ಟೆಯ ಕಾಲಕ್ಕೆ ಹೆಣ್ಣಿಗೆ ಹಕ್ಕಿ, ಇಲಿ, ಅಳಿಲು, ಬೀದಿನಾಯಿ, ಮೇಯಲು ಬರುವ ದನಗಳಿವೆ. ನಾವು ಹೋದಾಗ ನಾವು.

ಹಕ್ಕಿ ಹಾರಿಹೋದ ಮೇಲೆ

ಸೊಳ್ಳೆಯ ಆಯ್ಕೆ ಕಲ್ಲಿನಲ್ಲಿ ಕೊರೆದಂತೆ ಇರುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಅಮೆರಿಕದ್ದು. ವೆಸ್ಟ್ ನೈಲ್ ಎಂಬ ವೈರಸ್ 1999ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಕಾಗೆಗಳು ಸತ್ತು ಬಿದ್ದವು, ಜನರಿಗೆ ಮಿದುಳುಜ್ವರ ಬಂತು. ಈ ವೈರಸ್ ಹಕ್ಕಿಗಳಲ್ಲಿ ಹೆಚ್ಚುತ್ತದೆ, ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುತ್ತದೆ. ಆದರೆ ಬೇಸಿಗೆಯ ಆರಂಭದಿಂದಲೇ ಸೊಳ್ಳೆಗಳಿದ್ದರೂ ಜನರಿಗೆ ಕಾಯಿಲೆ ಹೆಚ್ಚುವುದು ಬೇಸಿಗೆಯ ಕೊನೆಗೆ. ಯಾಕೆ?

ವಾಷಿಂಗ್ಟನ್ ನಗರ ಮತ್ತು ಪಕ್ಕದ ಮೇರಿಲ್ಯಾಂಡಿನಲ್ಲಿ ಸಂಶೋಧಕರು ರಕ್ತ ತುಂಬಿದ ಸೊಳ್ಳೆಗಳನ್ನು ಹಿಡಿದು, ಹೊಟ್ಟೆಯಲ್ಲಿದ್ದ ರಕ್ತದ ಡಿಎನ್‌ಎ ಪರೀಕ್ಷಿಸಿದರು. ಅದು ಯಾವ ಪ್ರಾಣಿಯ ರಕ್ತ ಎಂದು ಡಿಎನ್‌ಎ ಹೇಳಿಬಿಡುತ್ತದೆ. 2006ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಬೇಸಿಗೆಯ ಆರಂಭದಲ್ಲಿ ಕ್ಯೂಲೆಕ್ಸ್ ಪಿಪಿಯನ್ಸ್ ಸೊಳ್ಳೆ ಮುಖ್ಯವಾಗಿ ಕಚ್ಚುತ್ತಿದ್ದದ್ದು ರಾಬಿನ್ ಎಂಬ ಹಕ್ಕಿಯನ್ನು. ಮರಿ ಮಾಡುವ ಕಾಲ ಮುಗಿದು ರಾಬಿನ್‌ಗಳು ಚದುರಿಹೋದ ಮೇಲೆ ಅದೇ ಸೊಳ್ಳೆ ಮನುಷ್ಯರನ್ನು ಕಚ್ಚುವ ಸಂಭವ ಸುಮಾರು ಏಳು ಪಟ್ಟು ಏರಿತು. ವೈರಸ್ ಅಷ್ಟರಲ್ಲಿ ಹಕ್ಕಿಗಳಲ್ಲಿ ಚೆನ್ನಾಗಿ ಹೆಚ್ಚಿತ್ತು. ಮೊದಲ ಕಡಿತ ಹಕ್ಕಿಗೆ, ಎರಡನೆಯದು ಮನುಷ್ಯನಿಗೆ – ನಮ್ಮ ಮೂರನೇ ಡಬ್ಬಿ ನಿಧಾನವಾಗಿ ನಡುವಿನ ಡಬ್ಬಿಯತ್ತ ಸರಿದಂತೆ.

ಹಕ್ಕಿಗಳನ್ನು ಓಡಿಸಿದರೆ, ಮರ ಕಡಿದರೆ ಸೊಳ್ಳೆ ಹಸಿದು ಸಾಯುತ್ತದೆ ಎಂದುಕೊಳ್ಳುವವರು ಈ ಉದಾಹರಣೆಯನ್ನು ಯೋಚಿಸಬೇಕು. ಸೊಳ್ಳೆ ಸಿಕ್ಕವರನ್ನು ಕಚ್ಚುತ್ತದೆ, ಉಳಿದವರು ನಾವು.

ಕೋತಿಗಳ ತಪ್ಪೇನು?

ನಗರದೊಳಗಿನ ಕಾಡಿನಲ್ಲಿ ಹೆದರಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಬ್ರೆಜಿಲ್ ಉದಾಹರಣೆ. ಸಾವೊ ಪಾಲೊ ಮಹಾನಗರದ ಉತ್ತರ ಭಾಗದಲ್ಲಿ ಹಾರ್ಟೊ ಫ್ಲೊರೆಸ್ಟಾಲ್ ಎಂಬ ಕಾಡಿನ ಉದ್ಯಾನವಿದೆ. 2017ರ ಅಕ್ಟೋಬರ್‌ನಲ್ಲಿ ಅಲ್ಲಿ ಸತ್ತ ಹೌಲರ್ ಕೋತಿಯಲ್ಲಿ ಹಳದಿ ಜ್ವರದ ವೈರಸ್ ಪತ್ತೆಯಾಯಿತು. ಉದ್ಯಾನ ಮುಚ್ಚಿದರು, ಸುತ್ತಲಿನ ಜನರಿಗೆ ಲಸಿಕೆ ಹಾಕಲು ಆರಂಭಿಸಿದರು.

ಅಲ್ಲಿನ ವಾಹಕ ಹೀಮಗೋಗಸ್ ಎಂಬ ಕಾಡಿನ ಸೊಳ್ಳೆ. ಮರದ ಪೊಟರೆಯಲ್ಲಿ ಬೆಳೆಯುತ್ತದೆ, ಹಗಲಿನಲ್ಲಿ ಮರದ ನೆತ್ತಿಯಲ್ಲಿ ಕೋತಿಗಳನ್ನು ಕಚ್ಚುತ್ತದೆ. ಕಾಡಿನೊಳಗೆ ಅಥವಾ ಅಂಚಿನಲ್ಲಿ ಮನುಷ್ಯ ಸಿಕ್ಕರೆ ಕೆಳಗಿಳಿದು ಅವನನ್ನೂ ಕಚ್ಚುತ್ತದೆ. ಹೌಲರ್ ಕೋತಿಗಳು ಈ ಜ್ವರಕ್ಕೆ ಬಹಳ ಬೇಗ ಬಲಿಯಾಗುತ್ತವೆ. ಅವು ಸಾಯುವುದು ಕಾಡಿನಲ್ಲಿ ವೈರಸ್ ಓಡಾಡುತ್ತಿದೆ ಎಂಬ ಮುನ್ಸೂಚನೆ. ಆದರೆ ಜನ ಹೆದರಿ ಕೋತಿಗಳನ್ನೇ ಹೊಡೆದು ಕೊಂದ ಘಟನೆಗಳು ಬ್ರೆಜಿಲ್‌ನಲ್ಲಿ ನಡೆದವು. ಕೋತಿಯಿಂದ ನೇರವಾಗಿ ಜ್ವರ ಬರುವುದಿಲ್ಲ, ಅದು ನಮಗೆ ಎಚ್ಚರಿಕೆ ಕೊಡುವ ಪ್ರಾಣಿ ಎಂದು ಆರೋಗ್ಯ ಇಲಾಖೆ ಸಾರಿ ಹೇಳಬೇಕಾಯಿತು. ಹಳದಿ ಜ್ವರ ಭಾರತದಲ್ಲಿಲ್ಲ ಎಂದು ತರಗತಿಯಲ್ಲಿ ತಪ್ಪದೆ ಹೇಳಿ. ಇಲ್ಲದಿದ್ದರೆ ಮಕ್ಕಳು ಸಂಜೆ ಮನೆಯಲ್ಲಿ ಬೇರೆ ಸುದ್ದಿ ಹಬ್ಬಿಸುತ್ತಾರೆ.

ಕರ್ನಾಟಕದವರಿಗೆ ಈ ಕಥೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮಂಗನ ಕಾಯಿಲೆ ಪತ್ತೆಯಾಯಿತು. ಅದು ನಗರದ ಕಾಡಿನದ್ದಲ್ಲ, ವಾಹಕ ಸೊಳ್ಳೆಯೂ ಅಲ್ಲ. ಎಂಟು ಕಾಲಿನ ಉಣುಗು. ಕೀಟಕ್ಕೂ ಉಣುಗಿಗೂ ಇರುವ ವ್ಯತ್ಯಾಸ ಹೇಳಿಕೊಡಲು ಒಳ್ಳೆಯ ಸಂದರ್ಭ. ಆದರೆ ಎರಡು ಕಡಿತದ ಲೆಕ್ಕ ಅಲ್ಲಿಯೂ ನಡೆಯುತ್ತದೆ. ಮರಿ ಉಣುಗು ಇಲಿ, ಹಕ್ಕಿ, ಮಂಗಗಳ ಮೈಮೇಲೆ ರಕ್ತ ಹೀರಿ ವೈರಸ್ ಪಡೆದು, ಮುಂದಿನ ಹಂತಕ್ಕೆ ಬೆಳೆದ ಮೇಲೆ ಸೌದೆಗೋ ದರಗಿಗೋ ಕಾಡಿಗೆ ಹೋದವರನ್ನು ಕಚ್ಚುತ್ತದೆ. ಮಂಗ ಸತ್ತ ಜಾಗದಲ್ಲಿ ಅದರ ಮೈಯಿಂದ ಉದುರಿದ ಉಣುಗುಗಳಿರುವುದರಿಂದ ಆ ಜಾಗಕ್ಕೆ ಹೋಗಬಾರದು, ಕೂಡಲೇ ಸುದ್ದಿ ತಿಳಿಸಬೇಕು ಎನ್ನುತ್ತಾರೆ. ಅಲ್ಲಿಯೂ ಮಂಗ ಸುದ್ದಿ ಕೊಡುವ ಪ್ರಾಣಿಯೇ.

ತೋಪಿಗೆ ಹೋದೆವು

ಮುಖ್ಯಶಿಕ್ಷಕರ ಅನುಮತಿ ಪಡೆದು, ವಿಜ್ಞಾನ ಶಿಕ್ಷಕಿಯವರ ಜೊತೆ ತರಗತಿಯನ್ನು ತೋಪಿಗೆ ಕರೆದೊಯ್ದೆ. ಈಡಿಸ್ ಹೆಚ್ಚು ಕಚ್ಚುವ ಹೊತ್ತು ಬಿಟ್ಟು ನಡುಮಧ್ಯಾಹ್ನ ಹೋದೆವು. ತುಂಬುತೋಳಿನ ಅಂಗಿ ಹಾಕಿಕೊಂಡು ಬರಲು ಹಿಂದಿನ ದಿನವೇ ಹೇಳಿದ್ದೆ. ಕೈಯಲ್ಲಿ ಒಂದು ಸೌಟು, ಒಂದು ಬಿಳಿ ತಟ್ಟೆ, ಎರಡು ಭೂತಗನ್ನಡಿ. ಕೆಲಸ ಒಂದೇ: ನಿಂತ ನೀರು ಹುಡುಕುವುದು, ಸೌಟಿನಲ್ಲಿ ತೆಗೆದು ತಟ್ಟೆಗೆ ಸುರಿದು ನೋಡುವುದು. ಅನಾಫಿಲಿಸ್ ಮರಿಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್, ಈಡಿಸ್‌ಗಳದ್ದು ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತವೆ. ಕ್ಯೂಲೆಕ್ಸ್‌ನ ಉಸಿರು ಕೊಳವೆ ಉದ್ದ, ಈಡಿಸ್‌ನದು ಗಿಡ್ಡ.

ಆಲದ ಪೊಟರೆಯಲ್ಲಿ ಕಂದು ನೀರು, ಅದರಲ್ಲಿ ಕೆಲವೇ ಮರಿಹುಳು. ಅಚ್ಚರಿ ಕಾದಿದ್ದದ್ದು ಬಿದಿರು ಮೆಳೆಯಲ್ಲಿ. ಹಿಂದಿನ ವರ್ಷ ಯಾರೋ ಪೆಂಡಾಲಿಗೆಂದು ಬಿದಿರು ಕಡಿದಿದ್ದರು. ಗೆಣ್ಣಿಗಿಂತ ಮೇಲೆ ಕಡಿದ ಒಂದೊಂದು ಮೋಟೂ ಒಂದೊಂದು ಲೋಟವಾಗಿ ಮಳೆನೀರು ತುಂಬಿಕೊಂಡಿತ್ತು. ಗಿಡ್ಡ ಕೊಳವೆಯ ಮರಿಹುಳುಗಳು ಅಲ್ಲಿ ಕಿಕ್ಕಿರಿದಿದ್ದವು. ಬಿದಿರನ್ನು ಕಡಿಯದೆ ಬಿಟ್ಟಿದ್ದರೆ ಆ ಲೋಟಗಳೇ ಇರುತ್ತಿರಲಿಲ್ಲ. ತೋಪನ್ನು ಆತುರದಲ್ಲಿ ಸವರಿದರೆ ಏನಾಗಬಹುದು ಎಂದು ನಾನು ವಿವರಿಸಬೇಕಾಗಿ ಬರಲಿಲ್ಲ.

ವಾಪಸು ಬರುವಾಗ ಶಾಲೆಯ ಆವರಣವನ್ನೂ ನೋಡಿದೆವು. ಮುಚ್ಚಳ ಒಡೆದ ನೀರಿನ ತೊಟ್ಟಿ, ಕೈತೊಳೆಯುವ ನಲ್ಲಿಯ ಕೆಳಗಿನ ಬಕೆಟ್ಟು, ಮೂಲೆಯ ಹಳೆಯ ಒರಳುಕಲ್ಲು – ಮೂರರಲ್ಲೂ ಮರಿಹುಳು. ಮಾರನೆಯ ದಿನ ಮಕ್ಕಳು ಮನೆಯಿಂದ ತಂದ ಪಟ್ಟಿಯಲ್ಲಿ ಮೊದಲ ಸ್ಥಾನ ಡ್ರಮ್ಮಿಗೆ. ಆ ಬಡಾವಣೆಗೆ ನಲ್ಲಿ ನೀರು ದಿನವೂ ಬರುವುದಿಲ್ಲ, ಡ್ರಮ್ಮು ತುಂಬಿಸಿಡದೆ ಗತಿಯಿಲ್ಲ. ‘ನೀರು ಸಂಗ್ರಹಿಸಬೇಡಿ’ ಎಂದು ಬರೆದಿದ್ದ ನನ್ನ ಚಾರ್ಟಿನ ಸಾಲನ್ನು ಹೊಡೆದುಹಾಕಿ, ‘ಬಟ್ಟೆ ಕಟ್ಟಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿ’ ಎಂದು ಬರೆದೆವು. ಉಜ್ಜುವುದು ಯಾಕೆಂದರೆ ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದಾಗ ಒಡೆಯುತ್ತದೆ. ಜ್ವರ ಬಂದವರು ಮೊದಲ ಐದಾರು ದಿನ ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಇರಬೇಕು ಎಂಬ ಸಾಲನ್ನು ಆಸ್ಪತ್ರೆಯಿಂದ ಬಂದಿದ್ದ ಹುಡುಗಿ ತಾನೇ ಬರೆದಳು. ಅದು ಮೊದಲ ಕಡಿತವನ್ನು ತಡೆಯುವ ದಾರಿ ಎಂದು ಅವಳೇ ಹೇಳಿದಳು.

ಸಭೆಯಲ್ಲಿ ನನಗೆ ಬಂದ ಪ್ರಶ್ನೆ

ಮುಖ್ಯಶಿಕ್ಷಕರು ಮಕ್ಕಳ ಚಾರ್ಟನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಡಲು ಹೇಳಿದರು. ವಿವರಿಸಿದ ಮೇಲೆ ಪೋಷಕರೊಬ್ಬರು ಕೇಳಿದರು: “ಮೇಡಂ, ತೋಪಿನ ಸೊಳ್ಳೆಯಿಂದ ಡೆಂಗಿ ಬರಲ್ಲ ಅಂತ ಬರೆದು ಕೊಡ್ತೀರಾ?” ಅವರ ಮಗಳೇ ಆಸ್ಪತ್ರೆಯಲ್ಲಿದ್ದವಳು.

ಬರೆದು ಕೊಡಲು ಆಗಲಿಲ್ಲ. ಆಲ್ಬೊಪಿಕ್ಟಸ್ ಇರುವ ತೋಪಿನ ಬಗ್ಗೆ ಹಾಗೆ ಬರೆಯುವುದು ಸುಳ್ಳಾಗುತ್ತದೆ. “ಬರಲ್ಲ ಅಂತ ಹೇಳಲಾರೆ ಸರ್. ಮನೆಯ ಡ್ರಮ್ಮು, ಶಾಲೆಯ ತೊಟ್ಟಿಯ ಅಪಾಯ ಹೆಚ್ಚು ಅಂತ ಹೇಳಬಲ್ಲೆ. ತೋಪಿನ ಅಪಾಯ ಬಿದಿರಿನ ಮೋಟಲ್ಲಿದೆ, ಮರದಲ್ಲಲ್ಲ” ಎಂದೆ. ಅವರು ಒಪ್ಪಿದರೋ ಇಲ್ಲವೋ, ಸುಮ್ಮನೆ ಕೇಳಿಕೊಂಡರು. ಸಭೆ ಮೂರು ತೀರ್ಮಾನ ಮಾಡಿತು: ತೊಟ್ಟಿಗೆ ಹೊಸ ಮುಚ್ಚಳ, ಬಿದಿರಿನ ಮೋಟುಗಳಿಗೆ ಮರಳು ತುಂಬಿಸಿ ಮುಂದೆ ಗೆಣ್ಣಿನ ಮಟ್ಟಕ್ಕೇ ಕಡಿಸುವುದು, ದಾರಿಯ ಅಂಚಿನ ಪೊದೆಗಳನ್ನು ಸವರುವುದು. ತೋಪಿನ ವಿಚಾರ ಮಳೆಗಾಲ ಮುಗಿದ ಮೇಲೆ ನೋಡೋಣ ಎಂದಾಯಿತು. ಅಷ್ಟರಲ್ಲಿ ನನ್ನ ಅಭ್ಯಾಸ ಬೋಧನೆಯ ಅವಧಿ ಮುಗಿದಿತ್ತು.

ಪಾಠ ಯೋಜನೆಯಲ್ಲಿ ಬದಲಾದದ್ದು

ಇದೇ ಪಾಠವನ್ನು ಮತ್ತೆ ಮಾಡುವುದಾದರೆ ಜಾತಿಯ ಹೆಸರು ಮತ್ತು ರೋಗದ ಹೆಸರಿನ ಜೋಡಿಪಟ್ಟಿಯಿಂದ ಆರಂಭಿಸುವುದಿಲ್ಲ. ‘ಮೊದಲು ಯಾರನ್ನು ಕಚ್ಚಿತು, ಆಮೇಲೆ ಯಾರನ್ನು?’ ಎಂಬ ಪ್ರಶ್ನೆಯಿಂದ ಆರಂಭಿಸುತ್ತೇನೆ. ಜೋಡಿಪಟ್ಟಿ ಪರೀಕ್ಷೆಗೆ ಬೇಕು, ಅದು ಕೊನೆಗೆ ಬರಲಿ. ಚೀಟಿಯ ಆಟಕ್ಕೆ ಒಂದು ಪೂರ್ತಿ ಅವಧಿ ಕೊಡಿ. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಲು ಹೋಗಿ ಮೂರನೇ ಡಬ್ಬಿಯನ್ನು ಮರುದಿನಕ್ಕೆ ಉಳಿಸಿಕೊಂಡೆ. ‘ಪ್ರಾಣಿ’ ಎಂದು ಬರೆಯುವ ಬದಲು ‘ಹಕ್ಕಿ’, ‘ನಾಯಿ’, ‘ಕೋತಿ’ ಎಂದು ಬರೆದರೆ ಇನ್ನೂ ಒಳ್ಳೆಯದು. ಎಲ್ಲ ಪ್ರಾಣಿಯೂ ಎಲ್ಲ ರೋಗಾಣುವನ್ನು ಹೊತ್ತಿರುವುದಿಲ್ಲ ಎಂಬುದು ಆಗ ತಾನಾಗಿ ಚರ್ಚೆಗೆ ಬರುತ್ತದೆ. ನನ್ನ ಪಾಠದಲ್ಲಿ ಅದು ಬರಲಿಲ್ಲ, ಇಬ್ಬರು ಮಕ್ಕಳು ಹಸುವಿನಿಂದ ಡೆಂಗಿ ಬರುತ್ತದೆ ಎಂದು ಕಿರುಪರೀಕ್ಷೆಯಲ್ಲಿ ಬರೆದರು. ಅವರಿಗೆ ಪರಿಹಾರ ಬೋಧನೆ ಮಾಡಬೇಕಾಯಿತು. ತಪ್ಪು ನನ್ನ ಚೀಟಿಯದು.

ಪಾಠ ಯೋಜನ���ಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಕಲಂಗಳಿವೆ. ಅವುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಕಲಂ ಎಳೆದುಕೊಂಡಿದ್ದೇನೆ: ಮಕ್ಕಳು ಕೇಳಬಹುದಾದ ಪ್ರಶ್ನೆಗಳು. ಅದರ ಮೊದಲ ಸಾಲಿನಲ್ಲಿ ಆ ಹುಡುಗನ ಪ್ರಶ್ನೆ ಇದೆ.

ಕೊನೆಯ ದಿನ ಅವನು ಬಂದು, “ಮಿಸ್, ತುಂಬೆ ಹೂವಿನ ಮೇಲೆ ಒಂದು ಸೊಳ್ಳೆ ಕೂತಿತ್ತು” ಎಂದ. ಮೀಸೆ ಪೊದೆಯಂತಿತ್ತಾ, ತೆಳ್ಳಗಿತ್ತಾ ಎಂದು ಕೇಳಿದೆ. ಪೊದೆಯಂತಿದ್ದರೆ ಗಂಡು. ನೋಡಲಿಲ್ಲ, ನಾಳೆ ನೋಡುತ್ತೇನೆ ಎಂದ.